ಕಾಕಾನ ಪೆಟ್ಟಿಗೆಯ ಹದಿನಾಲ್ಕು ಪ್ಲೇಟುಗಳು

ಪ್ರಶ್ನೆ: ಸರ್, ಕಾರವಾರದ ಕೋಡಿಬಾಗದಲ್ಲಿ ನಾವು ಐದು ಜನ ಗೆಳೆಯರು ಭಾನುವಾರ ಸಂಜೆ ಸೇರಿ ಹಳೆಯ ಇಂಗ್ಲಿಷ್ ರಾಕ್ ಕೇಳುತ್ತೇವೆ. ಹೋದ ವಾರ ಒಬ್ಬ ‘ಇರಲೇಬೇಕಾದ ನೂರು ಕ್ಲಾಸಿಕ್ ರಾಕ್ ಆಲ್ಬಂ’ ಎಂಬ ಪಟ್ಟಿ ತಂದ. ಯಾರ ಹತ್ತಿರ ಯಾವುದಿದೆ, ಯಾರಿಗೆ ಯಾವುದು ಗೊತ್ತು ಎಂದು ಗುರುತು ಹಾಕುತ್ತ ಹೋದೆವು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯವನು ಎಂಬತ್ತೆರಡಕ್ಕೆ ಗುರುತು ಹಾಕಿದ. ಅವನ ಹತ್ತಿರ ಇರುವುದು ಫೋನು ಮಾತ್ರ. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಕಾಕಾ ಬಿಟ್ಟುಹೋದ ಹದಿನಾಲ್ಕು ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟು ನನ್ನ ಹತ್ತಿರ ಇವೆ: ಡಾರ್ಕ್ ಸೈಡ್, ಅಬ್ಬೆ ರೋಡ್, ಮಷೀನ್ ಹೆಡ್, ಈಗಲ್ಸ್‌ನ ಗ್ರೇಟೆಸ್ಟ್ ಹಿಟ್ಸ್ ಹೀಗೆ. ಆದರೂ ನನ್ನ ಲೆಕ್ಕ ಮೂವತ್ತೊಂದಕ್ಕೇ ನಿಂತಿತು. ಕೇಳಿದ್ದನ್ನೆಲ್ಲ ಗೊತ್ತು ಅನ್ನಬಹುದೇ? ಗ್ರೇಟೆಸ್ಟ್ ಹಿಟ್ಸ್ ಲೆಕ್ಕಕ್ಕೆ ಬರುತ್ತದೆಯೇ? ಕೆಲವು ಪ್ಲೇಟುಗಳ ಮೇಲೆ ‘ಡಮ್‌ಡಮ್’ ಎಂದಿದೆ, ಅವು ಕಡಿಮೆ ದರ್ಜೆಯವು ಎಂದು ಒಬ್ಬ ನಕ್ಕ, ಹೌದೇ? ಕಟ್ಟಕಡೆಗೆ, ಎಲ್ಲಕ್ಕೂ ಬೂಷ್ಟು ಹಿಡಿದಿದೆ. ಅದೇ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ಎರಡು ಪ್ಲೇಟುಗಳೂ ಇವೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ತುರ್ತಿನದು ಬೂಷ್ಟು, ಆದರೆ ನಿಮ್ಮನ್ನು ಚುಚ್ಚಿದ್ದು ಆ ಎಂಬತ್ತೆರಡು. ಮಳೆ ಹಿಡಿಯುವುದಕ್ಕೆ ಇನ್ನೂ ದಿನವಿದೆ. ಚುಚ್ಚಿದ ಮುಳ್ಳನ್ನೇ ಮೊದಲು ತೆಗೆಯೋಣ.

ಕೇಳಿದ್ದು ಬೇರೆ, ಗೊತ್ತಿರುವುದು ಬೇರೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಯಕ್ಷಗಾನದ ನಾಲ್ಕು ಪದ ಗುನುಗುವವನನ್ನು ನೋಡಿ, ಇವನಿಗೆ ಪ್ರಸಂಗ ಗೊತ್ತು ಎಂದು ಯಾರಾದರೂ ಒಪ್ಪುತ್ತಾರೆಯೇ? ಯಾವ ಪದದ ಬೆನ್ನಿಗೆ ಯಾವುದು, ಭಾಗವತರು ಎಲ್ಲಿ ತಡೆಯುತ್ತಾರೆ, ಯಾವ ವೇಷ ಎಷ್ಟು ಹೊತ್ತಿಗೆ ರಂಗಕ್ಕೆ ಬರುತ್ತದೆ ಎಂಬುದು ತಲೆಯಲ್ಲಿ ಕೂತಿದ್ದರೆ ಪ್ರಸಂಗ ಗೊತ್ತು. ಆಲ್ಬಂ ಕೂಡ ಹಾಗೆಯೇ. ಮುಂದಿನ ಭಾನುವಾರ ಆ ಹುಡುಗನ ಪಟ್ಟಿಯಿಂದ ಹತ್ತು ಆಲ್ಬಂ ಆರಿಸಿ, ಒಂದೊಂದರಿಂದ ಒಂದು ಹಾಡು ಹಾಕಿ, ಮುಗಿಯುವ ಮೊದಲೇ ನಿಲ್ಲಿಸಿ ಕೇಳಿ: ‘ಇದಾದ ಮೇಲೆ ಯಾವುದು?’ ನೀವೂ ಅದೇ ಪರೀಕ್ಷೆಗೆ ಕೂತುಕೊಳ್ಳಿ. ಅವನ ಎಂಬತ್ತೆರಡು ಇಪ್ಪತ್ತಕ್ಕೆ ಇಳಿದರೆ ನನಗೆ ಆಶ್ಚರ್ಯವಿಲ್ಲ. ನಿಮ್ಮ ಮೂವತ್ತೊಂದೂ ಇಳಿಯುತ್ತದೆ, ಆ ತಯಾರಿ ಇರಲಿ.

ಹಾಡುಗಳ ಸಾಲು ಯಾಕೆ ಅಷ್ಟು ಮುಖ್ಯ ಎಂಬುದು ಪ್ಲೇಟಿನ ಮೈಮೇಲೇ ಬರೆದಿದೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರಗಿನ ಅಂಚಿನಲ್ಲಿ ಪ್ಲೇಯರಿನ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು 21ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಒಳಗಿನ ಹಾಡುಗಳಲ್ಲಿ ‘ಸ’ಕಾರ ‘ಶ’ಕಾರಗಳು ಚರಚರ ಅನ್ನುವುದು ಇದೇ ಕಾರಣಕ್ಕೆ, ಎಷ್ಟೋ ಮಂದಿ ಮಗ್ಗುಲಿನ ಕೊನೆಗೆ ಮೆತ್ತಗಿನ ಹಾಡು ಇಡುತ್ತಿದ್ದುದೂ ಇದಕ್ಕೇ. ಒಂದು ಮಗ್ಗುಲಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ಕೇಳುವವನನ್ನು ಅಷ್ಟರೊಳಗೆ ಹಿಡಿದು ಕೂರಿಸಬೇಕು, ಎದ್ದು ಬಂದು ಪ್ಲೇಟು ತಿರುಗಿಸುವ ಆಸೆಯನ್ನೂ ಹುಟ್ಟಿಸಬೇಕು.

ನಿಮ್ಮ ಪೆಟ್ಟಿಗೆಯಲ್ಲೇ ಇರುವ ಬೀಟಲ್ಸ್‌ನ ಅಬ್ಬೆ ರೋಡ್ ತೆಗೆದುಕೊಳ್ಳಿ. 1969ರ ಸೆಪ್ಟೆಂಬರ್ 26ರಂದು ಬಂದದ್ದು. ಮೊದಲ ಮಗ್ಗುಲಿನ ಕೊನೆಯ ಹಾಡು ಸುಮಾರು ಎಂಟು ನಿಮಿಷ. ಅರ್ಧ ದಾರಿ ಕಳೆದ ಮೇಲೆ ಒಂದೇ ಗಿಟಾರ್ ಸುತ್ತನ್ನು ಗಾಣದ ಹಾಗೆ ಸುತ್ತಿಸುತ್ತಾರೆ, ಹಿಂದಿನಿಂದ ಆಷಾಢದ ಗಾಳಿಯಂಥ ಸದ್ದು ಏರುತ್ತ ಬರುತ್ತದೆ, ಇನ್ನೇನು ಚಾವಣಿ ಹಾರುತ್ತದೆ ಅನ್ನುವಾಗ ಕತ್ತಿಯಿಂದ ಕಡಿದ ಹಾಗೆ ನಿಂತುಬಿಡುತ್ತದೆ. ಫೋನಿನಲ್ಲಿ ಅದರ ಹಿಂದೆಯೇ ‘ಹಿಯರ್ ಕಮ್ಸ್ ದ ಸನ್’ ಶುರುವಾಗುತ್ತದೆ. ಪ್ಲೇಟಿನಲ್ಲಾದರೆ ಮಗ್ಗುಲು ಮುಗಿದ ಕಿರಕಿರ ಸದ್ದು, ನೀವು ಎದ್ದು ಹೋಗುವುದು, ತಿರುಗಿಸುವುದು, ಧೂಳು ಒರೆಸುವುದು, ಮುಳ್ಳಿಡುವುದು. ಆಮೇಲೆ ಬಿಸಿಲು. ಆ ಅರ್ಧ ನಿಮಿಷದ ಖಾಲಿ ಜಾಗವೂ ಆಲ್ಬಮ್ಮಿನದೇ. ಎರಡನೇ ಮಗ್ಗುಲಿನ ತುದಿಯಲ್ಲಿ ಎಲ್ಲ ಮುಗಿಯಿತು ಅನ್ನಿಸಿ, ಹದಿನಾಲ್ಕು ಸೆಕೆಂಡು ಮೌನ ಕಳೆದ ಮೇಲೆ, 23 ಸೆಕೆಂಡಿನ ಒಂದು ತುಣುಕು ಬರುತ್ತದೆ. ಮೊದಲ ಬ್ರಿಟಿಷ್ ಕವರುಗಳಲ್ಲಿ ಅದರ ಹೆಸರೇ ಅಚ್ಚಾಗಿರಲಿಲ್ಲ. ನಿಮ್ಮ ಕಾಕಾನ ಕವರಿನ ಹಿಂಬದಿಯಲ್ಲಿ ಇದೆಯೇ ನೋಡಿ.

ಇಷ್ಟೆಲ್ಲ ಹೇಳುವ ನಾನೂ ಒಂದು ಕಾಲದಲ್ಲಿ ದೊಡ್ಡದೊಂದನ್ನು ತಪ್ಪು ತಿಳಿದುಕೊಂಡಿದ್ದೆ. ಶಿರಸಿಯಲ್ಲಿ ನಾವು ಕಾಲೇಜಿನಲ್ಲಿದ್ದಾಗ ಎಲ್‌ಪಿ ಕೊಳ್ಳುವ ಮಾತೇ ಇರಲಿಲ್ಲ. ಗೋವಾಕ್ಕೋ ಮುಂಬೈಗೋ ಹೋಗುವವರ ಕೈಯಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು ತುಂಬಿಸಿಕೊಂಡು ಬರುವಂತೆ ಗೋಗರೆಯುತ್ತಿದ್ದೆವು. ಸಿ-90 ಎಂದರೆ ಒಂದು ಮಗ್ಗುಲಿಗೆ 45 ನಿಮಿಷ. ಪಿಂಕ್ ಫ್ಲಾಯ್ಡ್‌ನ 1973ರ ಡಾರ್ಕ್ ಸೈಡ್ ಆಫ್ ದ ಮೂನ್ ಸುಮಾರು 43 ನಿಮಿಷ, 1975ರ ವಿಶ್ ಯು ವರ್ ಹಿಯರ್ ಸುಮಾರು 44. ದೇವರೇ ಅಳತೆ ತೆಗೆದು ಹೊಲಿದಂತೆ ಎರಡೂ ಒಂದು ಕ್ಯಾಸೆಟ್ಟಿನಲ್ಲಿ ಕೂರುತ್ತಿದ್ದವು. ಒಂದೇ ಮಗ್ಗುಲಲ್ಲಿ ಇಡೀ ಡಾರ್ಕ್ ಸೈಡ್ ಕೇಳಿ ಬೆಳೆದ ನಾನು, ಕ್ಲೇರ್ ಟೋರಿ ಶಬ್ದವೇ ಇಲ್ಲದೆ ಗೋಳಾಡಿ ಹಾಡುವ ಸಾವಿನ ಹಾಡು ಮುಗಿದ ಕೂಡಲೇ ‘ಮನಿ’ ಹಾಡಿನ ನಾಣ್ಯ ಉರುಳುವ, ಗಲ್ಲಾಪೆಟ್ಟಿಗೆ ತೆರೆಯುವ ಸದ್ದು ಬರಬೇಕೆಂದೇ ಅವರು ಯೋಚಿಸಿದ್ದಾರೆ ಎಂದುಕೊಂಡಿದ್ದೆ. ಸಾವಿನ ಬೆನ್ನಿಗೇ ದುಡ್ಡು, ಎಂಥ ಜಾಣತನ ಎಂದು ಗೆಳೆಯರಿಗೆ ಭಾಷಣ ಬಿಗಿದಿದ್ದೂ ಉಂಟು. ಎಷ್ಟೋ ವರ್ಷದ ಮೇಲೆ ಕುಮಟಾದ ಒಬ್ಬರ ಮನೆಯಲ್ಲಿ ಪ್ಲೇಟು ನೋಡಿದೆ. ಮಗ್ಗುಲು ಒಡೆಯುವುದು ಸರಿಯಾಗಿ ಅಲ್ಲೇ! ಸಾವಿಗೂ ದುಡ್ಡಿಗೂ ನಡುವೆ ಎದ್ದು ನಿಲ್ಲಬೇಕು.

ಹಾಗಾದರೆ ಕ್ಯಾಸೆಟ್ಟಿನವನಿಗೆ ಆಲ್ಬಂ ಗೊತ್ತಿಲ್ಲವೇ? ಗೊತ್ತು ಎಂದೇ ನನ್ನ ತೀರ್ಪು. ಸಾಲು ತಪ್ಪಿರಲಿಲ್ಲ, ಉಸಿರು ತೆಗೆದುಕೊಳ್ಳುವ ಜಾಗ ಮಾತ್ರ ತಪ್ಪಿತ್ತು. ಇಲ್ಲೊಂದು ಎಚ್ಚರಿಕೆ: ಕಂಪನಿಯವರೇ ಮಾರುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಎರಡೂ ಮಗ್ಗುಲು ಸಮ ಆಗಲಿ ಎಂದು ಕೆಲವು ಸಲ ಹಾಡುಗಳ ಸಾಲನ್ನೇ ಹಿಂದೆಮುಂದೆ ಮಾಡುತ್ತಿದ್ದರು. ‘ಇದಾದ ಮೇಲೆ ಯಾವುದು’ ಎಂಬುದಕ್ಕೆ ನಿಮ್ಮಲ್ಲಿ ಇಬ್ಬರು ಜಗಳಕ್ಕೆ ಬಿದ್ದರೆ, ಇಬ್ಬರೂ ಸರಿ ಇರಬಹುದು.

ಡೀಪ್ ಪರ್ಪಲ್‌ನ ಮಷೀನ್ ಹೆಡ್ ವಿಷಯ ಬೇರೆ. ಅದು ಗೊತ್ತು ಅನ್ನುವವರಲ್ಲಿ ಮುಕ್ಕಾಲು ಪಾಲಿಗೆ ಗೊತ್ತಿರುವುದು ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಗಿಟಾರಿನ ಒಂದು ತುಣುಕು. ಗಿಟಾರ್ ಹಿಡಿದ ಮೊದಲ ವಾರ ಎಲ್ಲರೂ ಬಾರಿಸುವುದು ಅದನ್ನೇ, ನಾನೂ ಬಾರಿಸಿದ್ದೇನೆ, ಕೆಟ್ಟದಾಗಿ. ಕತೆಯೂ ಗೊತ್ತಿರುತ್ತದೆ: 1971ರ ಡಿಸೆಂಬರ್ 4ರಂದು ಸ್ವಿಜರ್ಲೆಂಡಿನ ಮಾಂಟ್ರೋದಲ್ಲಿ ಫ್ರಾಂಕ್ ಜಪ್ಪಾ ಕಛೇರಿ ನಡೆಯುವಾಗ ಯಾರೋ ಬಾಣಬಿರುಸಿನಂಥ ಬೆಂಕಿ ಉಗುಳುವ ಫ್ಲೇರ್ ಪಿಸ್ತೂಲು ಹಾರಿಸಿ ಕ್ಯಾಸಿನೊ ಸುಟ್ಟುಹೋದದ್ದು, ಜಿನೀವಾ ಸರೋವರದ ಮೇಲೆ ಹೊಗೆ ಹಾಸಿಕೊಂಡದ್ದು, ಧ್ವನಿಮುದ್ರಣಕ್ಕೆಂದು ಅಲ್ಲಿಗೆ ಬಂದಿದ್ದ ಡೀಪ್ ಪರ್ಪಲ್‌ನವರು ಜಾಗವಿಲ್ಲದೆ ಖಾಲಿ ಬಿದ್ದಿದ್ದ ಗ್ರಾಂಡ್ ಹೋಟೆಲಿನ ಓಣಿಗಳಲ್ಲಿ ವಾದ್ಯ ಹೂಡಿ, ರೋಲಿಂಗ್ ಸ್ಟೋನ್ಸ್‌ನವರ ಲಾರಿ-ಸ್ಟುಡಿಯೊ ತರಿಸಿ ಆಲ್ಬಂ ಮುಗಿಸಿದ್ದು. ಆದರೆ ಆ ಹಾಡು ಯಾವ ಮಗ್ಗುಲಿನದು ಎಂದು ಕೇಳಿ ನೋಡಿ. ಅದು ಎರಡನೇ ಮಗ್ಗುಲಿನ ಬಾಗಿಲು. ಅದರ ಹಿಂದೆ ಬರುವ ‘ಲೇಜಿ’ಯಲ್ಲಿ ಜಾನ್ ಲಾರ್ಡ್ ಆರ್ಗನ್ ಮೇಲೆ ಮಾಡುವ ಕೆಲಸ ಕೇಳದವನಿಗೆ ಮಷೀನ್ ಹೆಡ್ ಗೊತ್ತು ಎಂದು ನಾನಂತೂ ಗುರುತು ಹಾಕುವುದಿಲ್ಲ.

ಲೆಡ್ ಜೆಪ್ಲಿನ್‌ನ ನಾಲ್ಕನೆಯದೂ ಹೀಗೆಯೇ. ಮುಖಪುಟದ ಮೇಲೆ ಗುಂಪಿನ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಎಲ್ಲರೂ ಮೊದಲ ಮಗ್ಗುಲಿನ ಕೊನೆಯ ಹಾಡು ‘ಸ್ಟೇರ್‌ವೇ ಟು ಹೆವನ್’ಗೆ ಕೂತುಬಿಡುತ್ತಾರೆ. ನನಗೆ ಎರಡನೇ ಮಗ್ಗುಲಿನ ಕೊನೆಯ ‘ವೆನ್ ದ ಲೆವೀ ಬ್ರೇಕ್ಸ್’ ಹಾಡೇ ದೊಡ್ಡದು. 1927ರ ಮಿಸಿಸಿಪ್ಪಿ ಪ್ರವಾಹದ ಬಗ್ಗೆ ಮೆಂಫಿಸ್ ಮಿನ್ನಿ ಮತ್ತು ಕಾನ್ಸಾಸ್ ಜೋ ಮೆಕಾಯ್ 1929ರಲ್ಲಿ ಹಾಡಿದ್ದ ಬ್ಲೂಸ್ ಅದು, ಏರಿ ಒಡೆದರೆ ನಾನೆಲ್ಲಿಗೆ ಹೋಗಲಿ ಎಂಬ ಅಳಲು. ಹಳೆಯ ಬಂಗಲೆಯೊಂದರ ಮೆಟ್ಟಿಲ ಬುಡದಲ್ಲಿ ಡ್ರಮ್ ಇಟ್ಟು, ಮೇಲಿನ ಅಂತಸ್ತಿನಲ್ಲಿ ಮೈಕ್ ತೂಗುಹಾಕಿ ಮುದ್ರಿಸಿದ್ದರಿಂದ ಆ ಪೆಟ್ಟು ನೀರು ನುಗ್ಗಿದಂತೆ ಕೇಳುತ್ತದೆ. ಕದ್ರಾ ಅಣೆಕಟ್ಟಿನ ಗೇಟು ತೆರೆದ ಸುದ್ದಿ ಬಂದ ರಾತ್ರಿ ಕಾಳಿ ದಂಡೆಯಲ್ಲಿ ಎದ್ದು ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಗ್ರೇಟೆಸ್ಟ್ ಹಿಟ್ಸ್, ಅಂದರೆ ಹಳೆಯ ಆಲ್ಬಮ್ಮುಗಳ ಜನಪ್ರಿಯ ಹಾಡು ಆರಿಸಿ ಕಟ್ಟಿದ ಸಂಕಲನ. ನಿಮ್ಮ ಈಗಲ್ಸ್ ಪ್ಲೇಟಿನಿಂದಲೇ ಒಂದು ಬಲೆ ಹೆಣೆಯಬಹುದು. ಗೋಕರ್ಣದ ಕುಡ್ಲೆಯಲ್ಲೋ ಓಂ ಬೀಚಿನಲ್ಲೋ ಕೂತು ‘ಹೋಟೆಲ್ ಕ್ಯಾಲಿಫೋರ್ನಿಯಾ’ ಕೇಳದವರಿಲ್ಲ. ನಿಮ್ಮ ಗೆಳೆಯರನ್ನು ಕೇಳಿ: ಈ ಪ್ಲೇಟಿನಲ್ಲಿ ಆ ಹಾಡು ಯಾವ ಮಗ್ಗುಲಲ್ಲಿದೆ? ಎ ಅನ್ನುವವನೂ ಸೋತ, ಬಿ ಅನ್ನುವವನೂ ಸೋತ. ಆ ಸಂಕಲನ ಬಂದದ್ದು 1976ರ ಫೆಬ್ರವರಿಯಲ್ಲಿ, ಹೋಟೆಲ್ ಕ್ಯಾಲಿಫೋರ್ನಿಯಾ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಂ ಎಂದು ಅಲ್ಲಿನ ರೆಕಾರ್ಡಿಂಗ್ ಉದ್ಯಮದ ಸಂಘ 2018ರಲ್ಲಿ ಹೇಳಿದ್ದು ಅವರ ಆ ಪ್ರಸಿದ್ಧ ಹಾಡೇ ಇಲ್ಲದ ಈ ಪ್ಲೇಟನ್ನು. ಸಂಕಲನ ಕೇಳುವುದು ತಪ್ಪಲ್ಲ, ಮದುವೆ ಊಟದಲ್ಲಿ ಸಿಹಿ ಮಾತ್ರ ತಿಂದ ಹಾಗೆ ಅಷ್ಟೆ. ಅದಕ್ಕೆ ಬೇರೆ ಅಂಕಣ ಮಾಡಿ.

ಅಂಕಣ ಎಂದೆನಲ್ಲ, ನನ್ನ ಹಳೆಯ ಡೈರಿಯಲ್ಲಿ ನಾಲ್ಕಿವೆ: ಇದೆ, ಇತ್ತು, ದಾರಿ ಗೊತ್ತು (ಅಂದರೆ ಹಾಡುಗಳ ಸಾಲು ಗೊತ್ತು), ಹೆಸರು ಗೊತ್ತು. ‘ಇತ್ತು’ ಎಂಬುದರಲ್ಲಿ ಒಯ್ದವರ ಹೆಸರೂ ಇದೆ. ಅವರಲ್ಲಿ ಇಬ್ಬರು ಈಗಲೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ನಿಮ್ಮ ಕಿರಿಯ ಗೆಳೆಯನಿಗೆ ‘ಇದೆ’ ಅಂಕಣ ಖಾಲಿ ಇರಬಹುದು, ‘ದಾರಿ ಗೊತ್ತು’ ಅಂಕಣದಲ್ಲಿ ಅವನು ನಿಮ್ಮನ್ನು ಹಿಂದೆ ಹಾಕಿದರೂ ಹಾಕಿದನೇ. ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿದು ಕೂತ ಪ್ಲೇಟಿಗಿಂತ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಮೊದಲಿಂದ ಕೊನೆಯ ತನಕ ಕೇಳಿದ್ದು ಹೆಚ್ಚು. ಇದನ್ನು ನಿಮಗೆ ಬೇಸರವಾಗಲೆಂದು ಹೇಳುತ್ತಿಲ್ಲ.

ಆ ನೂರರ ಪಟ್ಟಿಯಲ್ಲಿ 1971ರ ‘ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್’ ಇಲ್ಲದಿದ್ದರೆ ಕೈಯಿಂದಲೇ ಬರೆದು ಸೇರಿಸಿ. ಮೂರು ಪ್ಲೇಟುಗಳ ಕಟ್ಟು ಅದು. ಆ ವರ್ಷದ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರವಿಶಂಕರ್ ಮತ್ತು ಬೀಟಲ್ಸ್‌ನಲ್ಲಿದ್ದ ಜಾರ್ಜ್ ಹ್ಯಾರಿಸನ್ ನಡೆಸಿದ ಕಛೇರಿ. ಮೊದಲ ಮಗ್ಗುಲು ಪೂರ್ತಿ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ, ತಾನ್ಪುರದಲ್ಲಿ ಕಮಲಾ ಚಕ್ರವರ್ತಿ. ಶ್ರುತಿ ಸೇರಿಸಿ ಮುಗಿಸಿದಾಗ ಜನ ಚಪ್ಪಾಳೆ ಹೊಡೆಯುತ್ತಾರೆ. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ಬಾರಿಸುವುದು ಇನ್ನೂ ಹಿಡಿಸೀತು ಎಂಬರ್ಥದಲ್ಲಿ ರವಿಶಂಕರ್ ನಗುತ್ತ ಹೇಳುವುದು ಪ್ಲೇಟಿನಲ್ಲೇ ಇದೆ. ಮನೆಮನೆಯಲ್ಲಿ ತಬಲಾ ಹಾರ್ಮೋನಿಯಂ ಇರುವ ನಮ್ಮ ಕಡೆಯವರು ಈ ಜಾಗಕ್ಕೆ ಬಂದಾಗ ನಕ್ಕೇ ನಗುತ್ತಾರೆ. ರಾಕ್ ಎಂದರೆ ಮೂಗು ಮುರಿಯುವ ಹಿಂದೂಸ್ತಾನಿ ಕೇಳುಗರನ್ನು ನಿಮ್ಮ ಭಾನುವಾರಕ್ಕೆ ಎಳೆಯಬೇಕಿದ್ದರೆ ಇದೇ ಗಾಳ.

ಡಮ್‌ಡಮ್ ಎಂದು ನಕ್ಕವನಿಗೆ ಹೀಗೆ ಹೇಳಿ. ಕೋಲ್ಕತ್ತದ ಹತ್ತಿರದ ಡಮ್‌ಡಮ್‌ನಲ್ಲಿ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಇತ್ತು, ನಾವೆಲ್ಲ ನಾಯಿಯ ಚಿತ್ರದ ಎಚ್‌ಎಂವಿ ಎಂದು ಕರೆಯುತ್ತಿದ್ದದ್ದು, ಈಗ ಸಾರೆಗಾಮಾ ಆಗಿರುವುದು. ಬೀಟಲ್ಸ್‌ನ ಎಷ್ಟೋ ಪ್ಲೇಟುಗಳಿಗೆ ಅಚ್ಚಿನ ಮೂಲ ಇಂಗ್ಲೆಂಡಿನಿಂದಲೇ ಬರುತ್ತಿತ್ತು. ಇದನ್ನು ನೀವೇ ಪರೀಕ್ಷಿಸಬಹುದು. ಅಬ್ಬೆ ರೋಡ್ ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು, ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ಬೋಳು ಪಟ್ಟಿಯನ್ನು ನೋಡಿ. ಅಲ್ಲಿ ‘ವೈಇಎಕ್ಸ್ 749’, ತಿರುಗಿಸಿದರೆ ‘ವೈಇಎಕ್ಸ್ 750’ ಎಂದು ಸಣ್ಣದಾಗಿ ಒತ್ತಿದ್ದರೆ ಅದು ಲಂಡನ್ನಿನಲ್ಲಿ ಕೊರೆದ ಮೂಲದ ಸಂತಾನ. ಕೊರತೆ ಇದ್ದದ್ದು ಹೆಚ್ಚಾಗಿ ಕವರಿನ ಕಾಗದದಲ್ಲಿ, ಕೆಲವೊಮ್ಮೆ ವಿನೈಲಿನ ಗುಣದಲ್ಲಿ. ವಿನೈಲ್ ಎಂದರೆ ಎಲ್‌ಪಿ ಮಾಡುವ ಪ್ಲಾಸ್ಟಿಕ್ಕು, ಪೆಟ್ರೋಲಿಯಂನಿಂದ ಆಗುವ ವಸ್ತು. 1973ರ ತೈಲ ಬಿಕ್ಕಟ್ಟಿನ ನಂತರ ಪಶ್ಚಿಮದವರೂ ಹಳೆಯ ಪ್ಲೇಟು ಕರಗಿಸಿ ಬೆರೆಸಿದ್ದುಂಟು. ನಕ್ಕವನ ಹತ್ತಿರ ಆ ಕಾಲದ ಅಮೆರಿಕದ ಪ್ಲೇಟಿದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ, ಕಣ್ಣು ಮುಚ್ಚಿ.

ಇನ್ನು ಬೂಷ್ಟು. ಮೊದಲು ಆ ಎರಡು 78 ಪ್ಲೇಟುಗಳನ್ನು ಬೇರೆ ಇಡಿ. ಅವು ವಿನೈಲಲ್ಲ, ಅರಗಿನವು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಎಲ್‌ಪಿಗೆ ಹೊಂದುವ ಔಷಧ ಅದಕ್ಕೆ ವಿಷ. ಅವನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣಬಟ್ಟೆಯಲ್ಲಿ ಒತ್ತಿದರೆ ಸಾಕು. ಕೈಜಾರಿದರೆ ಹಂಚಿನ ಹಾಗೆ ಒಡೆಯುತ್ತವೆ, ಹಾಸಿಗೆಯ ಮೇಲೆ ಕೂತು ಮಾಡಿ.

ಎಲ್‌ಪಿಗಳ ಕೆಲಸ ಅಂಗಳದಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು. ಬೂಷ್ಟಿಗೆ ಬೇಕಾದದ್ದು ವಿನೈಲಲ್ಲ, ಅದರ ಮೇಲೆ ಕೂತ ಧೂಳು, ಬೆರಳಿನ ಜಿಡ್ಡು, ಒಳಚೀಲದ ಕಾಗದ. ಹಾಗಾಗಿ ಬಿಳಿ ಕಾಗದದ ಒಳಚೀಲಗಳನ್ನು ಮರುಮಾತಿಲ್ಲದೆ ಎಸೆಯಿರಿ, ಸಾಹಿತ್ಯ ಅಚ್ಚಾದದ್ದಿದ್ದರೆ ಮಾತ್ರ ಒಣಗಿಸಿ ಬೇರೆ ಇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಗ್ಯಾರೇಜಿನಲ್ಲಿ ಸಿಗುತ್ತದೆ. ಕ್ಯಾನಿನ ಮೇಲೆ ಬರೆದದ್ದು ಓದಿ ತನ್ನಿ, ಪಕ್ಕದಲ್ಲೇ ಆಸಿಡ್ ಇಟ್ಟಿರುತ್ತಾರೆ. ನಲ್ಲಿ ನೀರಾಗಲಿ ಬಾವಿ ನೀರಾಗಲಿ ಬೇಡ, ಒಣಗಿದ ಮೇಲೆ ಅದರ ಸುಣ್ಣ ಗೆರೆಯಲ್ಲೇ ಉಳಿಯುತ್ತದೆ. ಒಂದು ಲೀಟರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಬೂಷ್ಟು ಹಟ ಹಿಡಿದಿದ್ದರೆ ಔಷಧದಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತರಲ್ಲಿ ಒಂದು ಪಾಲು. ಮೆತ್ತಗಿನ ಬ್ರಶ್ಶನ್ನು ಗೆರೆಯ ಗುಂಟ ತಿರುಗಿಸಿ, ಅಡ್ಡಡ್ಡ ತಿಕ್ಕಬೇಡಿ, ಲೇಬಲ್ ಒದ್ದೆ ಮಾಡಬೇಡಿ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ತೊಳೆದು, ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಫ್ಯಾನಿನ ಗಾಳಿಗೆ, ನೆರಳಲ್ಲಿ.

ನೆರಳಲ್ಲಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಮಳೆಗಾಲದಲ್ಲಿ ನಾನು ಬುದ್ಧಿವಂತಿಕೆ ಮಾಡಿ ಎಂಟು ಎಲ್‌ಪಿಗಳನ್ನು ಅಡಿಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ, ಅಡಿಕೆ ಕಾಳುಮೆಣಸಿನ ಚೀಲದ ಪಕ್ಕ ಮಲಗಿಸಿಟ್ಟಿದ್ದೆ. ಅಡಿಕೆ ಬೆಚ್ಚಗಿರುವಲ್ಲಿ ಪ್ಲೇಟೂ ಬೆಚ್ಚಗಿರಲಿ ಎಂದು. ಶ್ರಾವಣ ಕಳೆದು ತೆಗೆದು ನೋಡಿದರೆ ಎಂಟೂ ಕರಿದ ಹಲಸಿನ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಬೂಷ್ಟು ಮಾತ್ರ ಒಂದಕ್ಕೂ ಇರಲಿಲ್ಲ.

ಒಣಗಿದ ಮೇಲೆ ಪ್ಲೇಟುಗಳು ನಿಂತೇ ಇರಬೇಕು, ಒಂದರ ಮೇಲೊಂದು ಮಲಗಿಸಬಾರದು. ಸಮುದ್ರದ ಕಡೆಯ ಗೋಡೆಗೆ ತಾಗಿಸಬೇಡಿ. ಗಟ್ಟಿ ಹೊಳಪಿನ ಪಿವಿಸಿ ಹೊರಚೀಲ ಬೇಡ, ವರ್ಷಗಟ್ಟಲೆ ಅಂಟಿಕೊಂಡಿದ್ದರೆ ಅದರ ಮಂಜು ವಿನೈಲಿಗೂ ಹತ್ತುತ್ತದೆ. ಗಾಳಿಯ ತೇವ ಶೇಕಡ 60ರ ಕೆಳಗಿದ್ದರೆ ಬೂಷ್ಟು ಏಳುವುದು ಕಷ್ಟ. ಜುಲೈನಲ್ಲಿ ಕಾರವಾರದಲ್ಲಿ ಅದು 85 ದಾಟುವುದು ಮಾಮೂಲು. ಹದಿನಾಲ್ಕೇ ಪ್ಲೇಟು ತಾನೆ, ಕ್ಯಾಮೆರಾದವರು ಮಾಡುವ ಹಾಗೆ ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಜೆಲ್ಲಿನ ಬಣ್ಣ ತಿರುಗಿದಾಗ ಅದನ್ನು ಮಾತ್ರ ಬಿಸಿ ಮಾಡಿ ಒಣಗಿಸಿ. ಕವರು ಪೂರ್ತಿ ಒಣಗುವ ಮೊದಲು ಡಬ್ಬಿ ಮುಚ್ಚಿದರೆ ಬೂಷ್ಟಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ.

ಕಾಕಾನ ಪೆಟ್ಟಿಗೆಯಲ್ಲಿ ಪ್ಲೇಯರ್ ಕೂಡ ಇದ್ದರೆ, ಅದು ಸೂಟ್‌ಕೇಸಿನಂಥ ಹಳೆಯ ಮಾದರಿಯದೇ ಇರಬಹುದು. ಅದರ ಮೇಲೆ ಈಗಲೇ ಏನನ್ನೂ ಹಾಕಬೇಡಿ. ಅಂಥವುಗಳ ತೋಳು ಭಾರ, ಮುಳ್ಳು ಸವೆದಿದ್ದರೆ ಪ್ಲೇಟನ್ನು ನೇಗಿಲಿನಂತೆ ಉಳುತ್ತದೆ. ಹೊಸ ಮುಳ್ಳು ಹಾಕಿಸಿ. ಹಾಕಿಸಿದ ಮೇಲೂ ಮೊದಲು ಡಾರ್ಕ್ ಸೈಡ್ ಇಡಬೇಡಿ, ಆಸೆಯಾಗುತ್ತದೆ, ತಡೆದುಕೊಳ್ಳಿ. ಹದಿನಾಲ್ಕರಲ್ಲಿ ಹೋದರೂ ಬೇಸರವಾಗದಂಥದ್ದು ಒಂದಿದ್ದೇ ಇರುತ್ತದೆ. ಎರಡು ಮಗ್ಗುಲೂ ಅದೇ ತಿರುಗಲಿ, ಮುಳ್ಳಿನ ತುದಿಯಲ್ಲಿ ಕಪ್ಪು ಪುಡಿ ಸೇರಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಸೇರಿಲ್ಲದಿದ್ದರೆ ಅಬ್ಬೆ ರೋಡ್ ತೆಗೆಯಿರಿ.